ಇನ್ನೊಬ್ಬಳ ಗ್ಲೌಸು

ಪಟ್ಟಿಯಲ್ಲಿ ನನ್ನ ಹೆಸರಿದ್ದದ್ದು ಪೆನ್ಸಿಲಿನಲ್ಲಿ.
ಹದಿನೇಳನೆಯದು, ಜಬೀನಾ ಕೆ.
ತಂಡಕ್ಕೆ ಬೇಕಾದವರು ಹದಿನಾರು.

ಹೈಸ್ಕೂಲ್ ಮೈದಾನದ ಬೇವಿನ ಕೆಳಗೆ
ಬೈಕಿನ ಸೀಟಿನ ಮೇಲೆ ಹಾಳೆ ಹರಡಿ
ಹಾಲಸ್ವಾಮಿ ಸರ್ ಗಲ್ಲ ಕೆರೆದುಕೊಂಡರು:
"ಬ್ಯಾಟು ಬೀಸೋಕೆ ಬರಲ್ಲ. ಓಟ ಪರವಾಗಿಲ್ಲ.
ಕುಕ್ಕರುಗಾಲಲ್ಲಿ ಎಷ್ಟೊತ್ತು ಕೂರ್ತೀಯಮ್ಮ?"

ಮಂಡಕ್ಕಿ ಭಟ್ಟಿಯಲ್ಲಿ ಬೆಳೆದವಳನ್ನು ಕೇಳುವ ಮಾತೇ ಇದು!
ಮಗ್ಗಿ ಬಾಯಿಗೆ ಬರುವ ಮೊದಲೇ ಮಂಡಿಗೆ ಬಂದ ವಿದ್ಯೆ.
ಅಮ್ಮಿ ಜರಡಿ ಹಿಡಿದರೆ ನಾನು ಚೀಲದ ಬಾಯಿ,
ಕಾದ ಮರಳು ಕೆಳಗೆ, ಅರಳಿದ ಅಕ್ಕಿ ಮೇಲೆ,
ಹೊಟ್ಟಿನ ಹೊಗೆಗೆ ಕಣ್ಣು ಕಿರಿದು ಮಾಡಿ
ಫಜರ್‌ನಿಂದ ಸ್ಕೂಲಿನ ಮೊದಲ ಗಂಟೆಯವರೆಗೆ.
"ಕೂರ್ತೀನಿ ಸರ್," ಅಂದೆ. ಅಷ್ಟೇ.

ಹಾಗೆ ಎರಡನೇ ಕ್ಯಾಚರ್ ಆದೆ.
ಯಾರೂ ಕೇಳಿ ಪಡೆಯುವ ಜಾಗವಲ್ಲ ಅದು.
ಉಳಿದ ಎಂಟು ಜನ ನನ್ನ ಕಡೆ ಮುಖ ಮಾಡಿ ನಿಲ್ಲುತ್ತಾರೆ,
ನಾನೊಬ್ಬಳೇ ಅವರ ಕಡೆ.
ಈ ಚೆಂಡಿಗೆ ಮೆತ್ತನೆಯ ಹೆಸರಿಟ್ಟವರು ಯಾರೋ,
ಅವರ ಅಂಗೈಗೊಂದು ಸಲಾಮು.

ಚೆಂಡೆಸೆಯುವವಳು ಮೇಘಶ್ರೀ, ಎಂಸಿಸಿ ಬಿ ಬ್ಲಾಕಿನವಳು.
ಸ್ವಂತ ಬ್ಯಾಟು, ಸ್ವಂತ ಹೆಲ್ಮೆಟ್ಟು,
ಬಿಡೋಕೊಂದು ಕಾರು, ಕರೆಯೋಕೊಂದು ಕಾರು.
ಎರಡು ವಾರವಾದರೂ ನಮ್ಮ ನಡುವೆ ಮಾತಿಲ್ಲ.
ತೊಡೆಗಳ ನಡುವಿನ ನೆರಳಲ್ಲಿ
ಒಂದು ಬೆರಳು ತೋರಿಸಿದರೆ ಜೋರು, ಎರಡಾದರೆ ನಿಧಾನ.
ಅವಳು ತಲೆ ಅಲ್ಲಾಡಿಸುತ್ತಾಳೆ, ಇಲ್ಲವೇ ಇಲ್ಲ.

ಪೆನ್ಸಿಲಿನ ಹೆಸರು ಪೆನ್ನಿಗೆ ಬಂದದ್ದು ಮಂಗಳವಾರ.
ಮೊದಲ ಕ್ಯಾಚರ್ ಕೊಟ್ರಮ್ಮನ ಅಪ್ಪ
ಗೇಟಿನ ಹೊರಗೇ ನಿಂತು ಹೇಳಿದ:
"ಜಳಗಾಂವಿಗೆಲ್ಲ ಕಳಿಸಲ್ಲ ಸರ್.
ಆಡೋದಿದ್ರೆ ಊರಾಗೆ ಆಡ್ಲಿ."

ಎಲ್ಲರೂ ಬೇಡವೆನ್ನುತ್ತಾರೆಂದು ಕಾದದ್ದು ನನ್ನ ಅಬ್ಬಾ.
ಅಬ್ಬಾ ಫಾರಮ್ಮಿಗೆ ಉರ್ದುವಿನಲ್ಲಿ ಸಹಿ ಹಾಕಿ
ಮುಂಗಡ ತಂದ ಸಾವಿರದ ಎಂಟುನೂರು ಎಣಿಸಿ
ಕೇಳಿದ್ದು ಒಂದೇ: "ರೈಲಲ್ಲಿ ಎಷ್ಟು ಮಂದಿ?"
ಹದಿನಾರು, ಸರ್ ಬೇರೆ.
ಸ್ಟೇಷನ್ನಿಗೆ ಹೆಗಲ ಮೇಲೆ ಹೊತ್ತು ತಂದರು
ಆಳೆತ್ತರದ ಒಂದು ಚೀಲ.
ತೂಕವೇ ಇಲ್ಲದ್ದನ್ನು ಹೊರುವಾಗಲೂ
ಅಬ್ಬಾ ಯಾಕೆ ಬಾಗುತ್ತಾರೋ.

ಗ್ಲೌಸು ಕೊಟ್ಟದ್ದು ಕೊಟ್ರಮ್ಮನೇ.
"ಹೆಬ್ಬೆಟ್ಟಿನ ದಾರ ಸಡಿಲ ಐತಿ, ಗಂಟು ಹಾಕ್ಕ."
ಅಳಲಿಲ್ಲ. ತಿರುಗಿ ನೋಡಲೂ ಇಲ್ಲ,
ಸೈಕಲ್ ಸ್ಟ್ಯಾಂಡು ಮಾತ್ರ ಎರಡು ಸಲ ಒದ್ದಳು.

ಹರಿಹರದ ಸೇತುವೆ ಸದ್ದು ಮಾಡಿ ಹೋಯಿತು.
ಕೆಳಗಿನ ಬರ್ತಿನಲ್ಲಿ ಕೂತು ಗ್ಲೌಸಿಗೆ ಕೈ ಹಾಕಿದರೆ
ಒಳಗೆ ಇನ್ನೂ ಅವಳ ಬೆರಳುಗಳ ಗುಂಡಿ.
ಕಿರುಬೆರಳು ಅವಳದು ಉದ್ದ,
ನನ್ನದು ಅಲ್ಲಿಗೆ ಮುಟ್ಟದೆ ತಡಕಾಡುತ್ತದೆ.
ಅಲ್ಲಲ್ಲಿ ಮೃದು, ಅಲ್ಲಲ್ಲಿ ಬೆವರುಪ್ಪಿನ ಬಿರುಸು.
ಯಾರದೋ ಚಪ್ಪಲಿ ಮೆಟ್ಟಿ ಮದುವೆಮನೆಯಿಂದ ಬಂದ ಹಾಗೆ:
ನಡೆಯಬಹುದು, ಮರೆಯಲಾಗದು.
ದಾರಕ್ಕೆ ಗಂಟು ಹಾಕಿದೆ. ಬಿಚ್ಚಿದೆ. ಮತ್ತೆ ಹಾಕಿದೆ.

ರಾಣೆಬೆನ್ನೂರು ಬರುವ ಹೊತ್ತಿಗೆ ದೀಪ ಆರಿಸಿದ್ದರು.
ಮೇಲಿನ ಬರ್ತಿನಿಂದ ಒಂದು ಕೈ ಇಳಿಯಿತು,
ಜೊತೆಗೆ, ಎರಡು ವಾರದಲ್ಲಿ ಮೊದಲ ಮಾತು:
"ಏಯ್, ಮಂಡಕ್ಕಿ ಇನ್ನೂ ಇದೆಯೇನೇ?"

ಹದಿನಾರು ಜನಕ್ಕೆ, ಎರಡು ರಾತ್ರಿಗೆ ಸಾಲಬೇಕು.
ಕತ್ತಲಲ್ಲೇ ಎರಡು ಬೆರಳು ತೋರಿಸಿದೆ:
ನಿಧಾನ.

ತಲೆ ಅಲ್ಲಾಡಿಸಿದಳೋ ಇಲ್ಲವೋ, ಕಾಣಲಿಲ್ಲ.
ಕೈ ಮಾತ್ರ ಅಲ್ಲೇ ಇತ್ತು, ಅಂಗೈ ಮೇಲಾಗಿ,
ರೈಲಿನ ಜೊತೆ ತೂಗುತ್ತ.